ದಿಢೀರ್ ಕಣ್ಣು ಮಂಜು, ಮಾತು ತಪ್ಪುತಪ್ಪು: ನಿಮ್ಮ ಮನೆಯಲ್ಲಿ ಯಾರಿಗಾದರೂ ಹೀಗಾಗಿತ್ತಾ?

ಮಾನ್ವಿಯಿಂದ: ನಮ್ಮ ಮಾವನವರಿಗೆ 62 ವರ್ಷ, ಬಿಪಿ, ಶುಗರ್ ಎರಡೂ ಇವೆ. ನಿನ್ನೆ ಸಂಜೆ ಒಮ್ಮೆಲೇ ಕಣ್ಣು ಕಾಣ್ತಿಲ್ಲ ಅಂದರು, ನನ್ನನ್ನೇ ಯಾರು ಅಂತ ಕೇಳಿದರು. ಸ್ವಲ್ಪ ಹೊತ್ತಿಗೆ ಸರಿಹೋಯಿತು. ಕಣ್ಣಿನ ಡಾಕ್ಟರಿಗೆ ತೋರಿಸಿದರೆ ಸಾಕಾ?

ಸಿರುಗುಪ್ಪದಿಂದ: ಅಕ್ಕ, ಸರಿಹೋಯಿತು ಅಂತ ಕೂರಬೇಡಿ, ಈಗಲೇ ಹೊರಡಿ. ಹೀಗೆ ಬಂದು ಹೋಗುವುದು ಮಿನಿ ಸ್ಟ್ರೋಕ್ (ಮಿದುಳಿಗೆ ಸ್ವಲ್ಪ ಹೊತ್ತು ರಕ್ತ ಸಿಗದಿರುವುದು) ಇರಬಹುದು, ಅದಾದ ಮೊದಲ ಎರಡು ದಿನದಲ್ಲೇ ದೊಡ್ಡ ಸ್ಟ್ರೋಕ್ ಹೊಡೆಯುವ ಭಯ ಜಾಸ್ತಿ. ನಮ್ಮ ದೊಡ್ಡಪ್ಪ ಊಟಕ್ಕೆ ಕೂತವರು ತಟ್ಟೆಯ ಬಲಗಡೆಯ ಪಲ್ಯ ಮುಗಿಸಿ, ಎಡಗಡೆ ರೊಟ್ಟಿ ಇದ್ದರೂ 'ರೊಟ್ಟಿ ಯಾಕೆ ಹಾಕಲಿಲ್ಲ' ಅಂತ ದೊಡ್ಡಮ್ಮನ ಮೇಲೆ ರೇಗಿದರು. ಎಡಗಣ್ಣು ಹೋಯಿತು ಅನ್ನುತ್ತಿದ್ದರು. ಒಂದೊಂದೇ ಕಣ್ಣು ಮುಚ್ಚಿಸಿ ನೋಡಿದರೆ ಎರಡೂ ಕಣ್ಣಿಗೆ ಎಡಭಾಗವೇ ಕಾಣುತ್ತಿರಲಿಲ್ಲ. ಹಾಗಾದರೆ ತೊಂದರೆ ಕಣ್ಣಿನದ್ದಲ್ಲ, ಮಿದುಳಿನದ್ದು. ಕಣ್ಣಿನ ಆಸ್ಪತ್ರೆಗೆ ಹೋಗಿ ಹೊತ್ತು ಕಳೆಯದೆ ಸಿಟಿ ಸ್ಕ್ಯಾನ್ ಇರುವ ದೊಡ್ಡಾಸ್ಪತ್ರೆಗೇ ಹೋಗಬೇಕು. ಹೆಪ್ಪುಗಟ್ಟಿದ ರಕ್ತ ಕರಗಿಸುವ ಇಂಜೆಕ್ಷನ್ ಸಾಮಾನ್ಯವಾಗಿ ತೊಂದರೆ ಶುರುವಾಗಿ 4.5 ಗಂಟೆಯೊಳಗೆ ಕೊಡುತ್ತಾರೆ, ಅದಕ್ಕೇ ರೋಗಿ ಕೊನೆಗೆ ಚೆನ್ನಾಗಿದ್ದದ್ದು ಎಷ್ಟು ಗಂಟೆಗೆ ಅನ್ನೋದನ್ನ ಬರೆದಿಡಿ. ಮತ್ತೆ ಹೀಗಾದರೆ 108ಕ್ಕೆ ಫೋನ್ ಮಾಡಿ, ನೀವಾಗಿಯೇ ಬಿಪಿ ಮಾತ್ರೆ ನುಂಗಿಸಬೇಡಿ.

ಗಂಗಾವತಿಯಿಂದ: ಮೇಲಿನವರು ಹೇಳಿದ್ದು ಸರಿ, ಆದರೆ ಗಾಡಿ ಬರುವಷ್ಟರಲ್ಲಿ ಶುಗರ್ ನೋಡಿ. ನಮ್ಮ ಅಪ್ಪ ಶುಗರ್ ಇಳಿಸುವ ಗ್ಲಿಮೆಪಿರೈಡ್ ಮಾತ್ರೆ ತಗೊಂಡು ಊಟ ಮಾಡದೆ ಗದ್ದೆಗೆ ಹೋಗಿದ್ದರು. ಮೈಯೆಲ್ಲ ಬೆವರು, ಕಣ್ಣು ಮಬ್ಬು, ಮಾತಿಗೆ ತಲೆಬುಡ ಇಲ್ಲ. ಕುಡಿದಿದ್ದಾರೆ ಅಂತ ಪಕ್ಕದ ಹೊಲದವರು ಬಿಟ್ಟುಬಿಟ್ಟಿದ್ದರು, ನೆನೆದರೆ ಈಗಲೂ ಸಂಕಟ ಆಗುತ್ತದೆ. 70ಕ್ಕಿಂತ ಕಡಿಮೆ ಇದ್ದು, ಎಚ್ಚರ ಇದ್ದು, ಸರಿಯಾಗಿ ನುಂಗುತ್ತಿದ್ದರೆ ಮೂರು ಚಮಚ ಸಕ್ಕರೆ ನೀರಲ್ಲಿ ಕಲಸಿ ಕುಡಿಸಿ, 15 ನಿಮಿಷ ಬಿಟ್ಟು ಮತ್ತೆ ನೋಡಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕಬೇಡಿ. ಈ ಮಾತ್ರೆಯ ಪ್ರಭಾವ ತುಂಬ ಹೊತ್ತು ಇರುತ್ತದೆ, ಸರಿಹೋದ ಮೇಲೂ ಶುಗರ್ ಮತ್ತೆ ಇಳಿಯಬಹುದು, ಹಾಗಾಗಿ ಆಸ್ಪತ್ರೆ ತಪ್ಪಿಸಬೇಡಿ.

ಬಳ್ಳಾರಿಯಿಂದ: ಬಿಪಿ ವಿಪರೀತ ಏರಿದರೂ ಹೀಗೇ ಆಗಬಹುದು: ಜೋರು ತಲೆನೋವು, ಕಣ್ಣು ಕತ್ತಲೆ, ಗಲಿಬಿಲಿ, ಆಮೇಲೆ ಫಿಟ್ಸ್. ಬಸುರಿ, ಬಾಣಂತಿಯರಿಗೆ ಹೀಗಾದರೆ ಒಂದು ನಿಮಿಷವೂ ತಡ ಮಾಡಬಾರದು.

ದೇವದುರ್ಗದಿಂದ: ನಮ್ಮ ಕಡೆ ಹತ್ತಿಗೆ ಎಣ್ಣೆ (ಕೀಟನಾಶಕ) ಹೊಡೆದು ಬಂದವರನ್ನೂ ನೆನಪಿಡಿ. ಕಣ್ಣು ಮಂಜು, ಪಾಪೆ ಸೂಜಿಮೊನೆಯಷ್ಟು ಸಣ್ಣ, ಬಾಯಲ್ಲಿ ಜೊಲ್ಲು, ಬೆವರು, ಗಲಿಬಿಲಿ ಇದ್ದರೆ ಅದು ವಿಷ ಏರಿದ್ದು. ಬಟ್ಟೆ ಬಿಚ್ಚಿ, ಸೋಪಿನ ನೀರಲ್ಲಿ ಮೈ ತೊಳೆದು ಕರೆದುಕೊಂಡು ಹೋಗಿ, ತೊಳೆಯುವವರು ಕೈಗೆ ಗ್ಲೌಸ್ ಹಾಕಿಕೊಳ್ಳಿ. ಎಣ್ಣೆಯ ಡಬ್ಬಿ ಜೊತೆಗೆ ಒಯ್ಯಿರಿ, ಅದರ ಲೇಬಲ್ ನೋಡಿದರೆ ಡಾಕ್ಟರಿಗೆ ಯಾವ ವಿಷ ಅಂತ ತಕ್ಷಣ ಗೊತ್ತಾಗುತ್ತದೆ. ಕಳ್ಳ ಸಾರಾಯಿ ಕುಡಿದು ಮಾರನೇ ದಿನ ಕಣ್ಣ ಮುಂದೆ ಬಿಳಿ ಮಂಜು ಕವಿದರೆ ಅದು ಮೆಥನಾಲ್ ಎಂಬ ವಿಷದ ಮದ್ಯಸಾರ ಇರಬಹುದು. ಬೈಯುತ್ತಾರೆ ಅಂತ ಮುಚ್ಚಿಡದೆ ಕುಡಿದದ್ದನ್ನ ಡಾಕ್ಟರಿಗೆ ಹೇಳಿಬಿಡಿ, ಔಷಧಿ ಇದೆ, ಬೇಗ ಹೋದರೆ ಕಣ್ಣು ಉಳಿಸಬಹುದು.