ಶಿವರಾತ್ರಿಯಿಂದ ಯುಗಾದಿಯವರೆಗಿನ ರವಿವಾರಗಳನ್ನು ನೀವು ಹೇಗೆ ಹೊಂದಿಸುತ್ತೀರಿ?

ವಿದ್ಯಾನಗರದ ಗೃಹಸ್ಥ (ಹುಬ್ಬಳ್ಳಿ):

ಎಲ್ಲರಿಗೂ ನಮಸ್ಕಾರ. ನಮ್ಮದು ಐದು ಜನರ ಕುಟುಂಬ. ನಾನು ಬ್ಯಾಂಕಿನ ನೌಕರ. ಎರಡನೆಯ ಮತ್ತು ನಾಲ್ಕನೆಯ ಶನಿವಾರ ಮಾತ್ರ ನನಗೆ ರಜೆ. ಹೆಂಡತಿ ಧಾರವಾಡದಲ್ಲಿ ಪ್ರೌಢಶಾಲೆಯ ಶಿಕ್ಷಕಿ. ಶನಿವಾರ ಬೆಳಗಿನ ಶಾಲೆ ಮುಗಿಸಿ ಚಿಗರಿ ಬಸ್ ಹಿಡಿದು ಮನೆ ಸೇರುವಾಗ ಮಧ್ಯಾಹ್ನ ಒಂದೂವರೆ ಆಗಿರುತ್ತದೆ. ಮಗಳು ಈ ಸಲ ಎಸ್ಸೆಸ್ಸೆಲ್ಸಿ, ಮಗ ನಾಲ್ಕನೆಯ ತರಗತಿ. ಅವ್ವನಿಗೆ ಎಪ್ಪತ್ತು ದಾಟಿದೆ.

ಪಂಚಾಂಗದ ಪ್ರಕಾರ ವಸಂತ ಋತು ಚೈತ್ರದಲ್ಲಿ ಆರಂಭವಾದರೂ ನಮ್ಮ ಮನೆಯಲ್ಲಿ ಅದು ಶಿವರಾತ್ರಿಯ ಮರುದಿನ, ಸಿದ್ಧಾರೂಢ ಮಠದ ತೇರಿನೊಂದಿಗೇ ಬರುತ್ತದೆ. ಅಲ್ಲಿಂದ ಯುಗಾದಿಗೆ ಸುಮಾರು ಒಂದು ತಿಂಗಳು, ಅಂದರೆ ಹೆಚ್ಚೆಂದರೆ ಐದು ರವಿವಾರ. ಈ ಐದರಲ್ಲಿಯೇ ವರ್ಷದ ಖಾರ ಕುಟ್ಟಿಸಬೇಕು, ಜೋಳ ತಂದು ಹಸನು ಮಾಡಿ ತುಂಬಿಡಬೇಕು, ಶಾವಿಗೆ, ಹಪ್ಪಳ, ಕುರುಡಿಗೆ (ಗೋದಿ ಹಾಲಿನ ಸಂಡಿಗೆ) ಆಗಬೇಕು, ಹುಣಸೆಹಣ್ಣು ಬಡಿದು ಬೀಜ ತೆಗೆಯಬೇಕು, ಯುಗಾದಿಗೆ ಮನೆ ತೊಳೆಯಬೇಕು. ನಡುವೆ ಹೋಳಿ ಹುಣ್ಣಿಮೆ, ಅದರ ಐದನೆಯ ದಿನಕ್ಕೆ ರಂಗಪಂಚಮಿ. ಆ ದಿನ ಹುಬ್ಬಳ್ಳಿಯಲ್ಲಿ ಬಣ್ಣ ಬಿಟ್ಟು ಬೇರೆ ಕೆಲಸವನ್ನು ಯೋಚಿಸುವುದೇ ತಪ್ಪು. ಇದರ ಮೇಲೆ ನಳದ ನೀರು ಐದಾರು ದಿನಕ್ಕೊಮ್ಮೆ ಬರುವ ಓಣಿ ನಮ್ಮದು. ಅದು ರವಿವಾರವೇ ಬಂದರೆ ಅರ್ಧ ದಿನ ಕೊಡ, ಬ್ಯಾರಲ್ ತುಂಬುವುದರಲ್ಲಿ ಹೋಗುತ್ತದೆ.

ಕಳೆದ ವರ್ಷ ಎಲ್ಲವನ್ನೂ ಮಾಡಲು ಹೋಗಿ ಎಲ್ಲವೂ ಕೆಟ್ಟಿತು. ಗಡಿಬಿಡಿಯಲ್ಲಿ ಖಾರ ಸರಿಯಾಗಿ ಒಣಗಲಿಲ್ಲ, ಹಪ್ಪಳವನ್ನು ಏಪ್ರಿಲ್‌ಗೆ ಮುಂದೂಡಿದ್ದರಿಂದ ಸಂಜೆಯ ಅಡ್ಡಮಳೆಗೆ ಎರಡು ಚಾಪೆಯಷ್ಟು ಹಪ್ಪಳ ನೆನೆದು ಹೋಯಿತು. ಅವ್ವನನ್ನು ಮಠಕ್ಕೆ ಕರೆದುಕೊಂಡು ಹೋದದ್ದು ಒಂದೇ ಸಲ, ಅದೂ ಪಾರ್ಕಿಂಗ್ ಸಿಗಲಿಲ್ಲವೆಂದು ನಾನು ಸಿಡುಕುತ್ತ. 'ನಮ್ಮ ಮನೆಯ ರವಿವಾರ ಶಾಲೆಗಿಂತ ತ್ರಾಸು' ಎಂದು ಮಗ ಹೇಳಿದ ಮಾತು ಈಗಲೂ ಚುಚ್ಚುತ್ತಿದೆ. ಕೆಲಸ, ದೇವರು, ಮಕ್ಕಳ ಖುಷಿ ಮೂರನ್ನೂ ಈ ಐದು ವಾರಗಳಲ್ಲಿ ನೀವು ಹೇಗೆ ಕೂಡಿಸುತ್ತೀರಿ? ಯಾವುದನ್ನು ಬಿಡುತ್ತೀರಿ?

ಸಾಧನಕೇರಿ ಅಕ್ಕ (ಧಾರವಾಡ):

ತಮ್ಮಾ, ನಾನು ಮೂವತ್ತು ವರ್ಷ ನೌಕರಿ ಮಾಡುತ್ತಲೇ ಇದನ್ನೆಲ್ಲ ಮಾಡಿದವಳು, ಆದ್ದರಿಂದ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ. ನೀವು ಕೆಲಸಗಳನ್ನು ಹಬ್ಬಕ್ಕೆ ಕಟ್ಟಿದ್ದೀರಿ. ಅವು ಹಬ್ಬಕ್ಕೆ ಸೇರಿದವಲ್ಲ, ಬಿಸಿಲಿಗೆ ಸೇರಿದವು. ಯಾವ ಪದಾರ್ಥಕ್ಕೆ ಎಂಥ ಬಿಸಿಲು ಬೇಕು ಎಂಬುದನ್ನು ನೋಡಿ ಸಾಲು ಹಚ್ಚಿದರೆ ಅರ್ಧ ಗೊಂದಲ ತಾನಾಗಿಯೇ ಕಡಿಮೆಯಾಗುತ್ತದೆ.

ಖಾರ ಎಲ್ಲಕ್ಕಿಂತ ಮೊದಲು. ಶಿವರಾತ್ರಿಯ ನಂತರ ಚಳಿ ಹೋಗಿರುತ್ತದೆ, ಗಾಳಿ ಒಣದಾಗಿರುತ್ತದೆ, ಆಕಾಶದಲ್ಲಿ ಮೋಡವಿರುವುದಿಲ್ಲ. ಮೆಣಸಿನಕಾಯಿ ಗರಿಗರಿಯಾಗಲು ಇದಕ್ಕಿಂತ ಒಳ್ಳೆಯ ಕಾಲ ಬರುವುದಿಲ್ಲ. ಎರಡನೆಯದು ಹಪ್ಪಳ ಮತ್ತು ಕುರುಡಿಗೆ, ಇವನ್ನು ಹೋಳಿಯ ಆಸುಪಾಸಿನಲ್ಲಿಯೇ ಮುಗಿಸಬೇಕು. ಏಪ್ರಿಲ್ ಮಧ್ಯದಲ್ಲಿ ಅಶ್ವಿನಿ ಮಳೆಯ ನಕ್ಷತ್ರ ಕೂಡುವ ಹೊತ್ತಿಗೆ ಮಧ್ಯಾಹ್ನ ಎಷ್ಟೇ ಕಾದಿದ್ದರೂ ನಾಲ್ಕು ಗಂಟೆಗೆ ಪಡುವಣದಲ್ಲಿ ಕಪ್ಪಾಗುವ ಸಂಭವ ಇದ್ದೇ ಇರುತ್ತದೆ, ನಿಮ್ಮ ಹಪ್ಪಳ ಹೋದದ್ದೂ ಅದರಿಂದಲೇ. ಶಾವಿಗೆಗೆ ಉರಿಬಿಸಿಲು ಬೇಡ, ಕೋಲಿನ ಮೇಲೆ ಇಳಿಬಿಟ್ಟು ನೆರಳಿನ ಗಾಳಿಗೆ ಆರಿಸಿದರೆ ಎಳೆ ಮುರಿಯುವುದಿಲ್ಲ. ಆದ್ದರಿಂದ ಅದು ಯಾವ ವಾರಕ್ಕೂ ಹೊಂದುತ್ತದೆ. ಜೋಳಕ್ಕಂತೂ ಅವಸರವೇ ಇಲ್ಲ. ಹಿಂಗಾರಿ ಬಿಳಿಜೋಳದ ಸುಗ್ಗಿ ಮುಗಿದು ಹೊಸ ಕಾಳು ಪೇಟೆಗೆ ಬಂದ ಮೇಲೆ ಯುಗಾದಿಯ ನಂತರವೂ ಕೊಳ್ಳಬಹುದು, ಹಸನು ಮಾಡುವ ಕೆಲಸ ಟಿವಿಯ ಮುಂದೆ ಕುಳಿತೂ ಆಗುತ್ತದೆ. ತುಂಬಿಡುವಾಗ ಒಣಗಿದ ಬೇವಿನ ಎಲೆ ಹಾಕುವುದನ್ನು ಮರೆಯಬೇಡಿ.

ಕುರುಡಿಗೆಗೆ ರವಿವಾರ ಬೆಳಗ್ಗೆ ಎದ್ದು ಯೋಚಿಸಿದರೆ ಆಗುವುದಿಲ್ಲ. ಬುಧವಾರ ರಾತ್ರಿ ಗೋದಿ ನೆನೆಹಾಕಿ, ದಿನವೂ ನೀರು ಬದಲಿಸಿ, ಶನಿವಾರ ಸಂಜೆ ರುಬ್ಬಿ ಹಾಲು ಸೋಸಿಡಬೇಕು. ರಾತ್ರಿಯಿಡೀ ಹಾಲು ತಳಕ್ಕೆ ಕೂರುತ್ತದೆ. ರವಿವಾರ ಬೆಳಗ್ಗೆ ಆರಕ್ಕೆ ಮೇಲಿನ ತಿಳಿಯನ್ನು ಚೆಲ್ಲಿ, ಉಪ್ಪು ಜೀರಿಗೆ ಹಾಕಿ, ಗಂಟಾಗದಂತೆ ತಿರುವುತ್ತ ಕುದಿಸಿ, ಬಿಸಿ ಇರುವಾಗಲೇ ಒತ್ತಿದರೆ ಒಂಬತ್ತರೊಳಗೆ ಮಾಳಿಗೆಯ ಮೇಲಿನ ಕೆಲಸ ಮುಗಿದಿರುತ್ತದೆ. ಒತ್ತುವ ಮಣೆಯನ್ನು ನಿಮ್ಮ ಮಗನ ಕೈಗೆ ಕೊಡಿ. ಪಾತ್ರೆಯ ತಳದಲ್ಲಿ ಉಳಿದ ಬಿಸಿ ಹಿಟ್ಟಿಗೆ ಎಣ್ಣೆ ಮತ್ತು ಹಸಿ ಖಾರ ಹಚ್ಚಿಕೊಂಡು ತಿನ್ನಲು ನಮ್ಮ ಮಕ್ಕಳು ಜಗಳವಾಡುತ್ತಿದ್ದರು. ಈಗ ಅವರ ಮಕ್ಕಳು ಬೆಂಗಳೂರಿನಿಂದ ಫೋನ್ ಮಾಡಿ ಅದನ್ನೇ ಕೇಳುತ್ತಾರೆ, ಕುರುಡಿಗೆಯನ್ನಲ್ಲ.

ಹತ್ತು ಗಂಟೆಯ ನಂತರ ಆ ದಿನ ಮನೆಗೆಲಸ ಎತ್ತಬಾರದು. ಇದೊಂದನ್ನು ನಾನು ಕಟ್ಟುನಿಟ್ಟಾಗಿ ಪಾಲಿಸಿದ್ದೇನೆ.

ಮೆಣಸಿನಕಾಯಿ ಸೀಮೆಯವ (ಬ್ಯಾಡಗಿ ತಾಲ್ಲೂಕು):

ಅಕ್ಕಾವರು ಹೇಳಿದ ಮಾತಿಗೆ ಖಾರದ ಬಗ್ಗೆ ಮಾತ್ರ ಸ್ವಲ್ಪ ಸೇರಿಸುತ್ತೇನೆ. ಸಾಹೇಬರೇ, ಹೊಸ ಕಾಯಿ ಜನವರಿಯಿಂದಲೇ ಮಾರುಕಟ್ಟೆಗೆ ಬರುತ್ತಿರುತ್ತದೆ, ಆದರೆ ಮೊದಮೊದಲು ಬರುವ ಕಾಯಿಯಲ್ಲಿ ಹಸಿ ಹೆಚ್ಚು. ಫೆಬ್ರುವರಿ ಕೊನೆಯಿಂದ ಮಾರ್ಚ್‌ವರೆಗೆ ಕೊಂಡರೆ ತೂಕದಲ್ಲಿ ಮೋಸವಾಗುವುದಿಲ್ಲ. ಕೈಯಲ್ಲಿ ಹಿಡಿದು ಅಲುಗಿಸಿದರೆ ಬೀಜದ ಸಪ್ಪಳ ಕೇಳಬೇಕು.

ಬ್ಯಾಡಗಿಯಲ್ಲಿ ಕಡ್ಡಿ ಮತ್ತು ಡಬ್ಬಿ ಎಂದು ಎರಡು ಬಗೆ. ಕಡ್ಡಿ ಉದ್ದವಾಗಿ, ತೆಳ್ಳಗೆ, ಮೈತುಂಬ ಸುಕ್ಕಾಗಿರುತ್ತದೆ. ಡಬ್ಬಿ ಗಿಡ್ಡವಾಗಿ ಉಬ್ಬಿರುತ್ತದೆ, ಬೀಜ ಹೆಚ್ಚು, ಮಸಾಲೆ ಖಾರಕ್ಕೆ ಅದರ ಪರಿಮಳ ಹೊಂದುತ್ತದೆ. ಎರಡಕ್ಕೂ ಬಣ್ಣ ಗಾಢ, ಖಾರ ಕಡಿಮೆ. 2011ರಲ್ಲಿ ಭೌಗೋಳಿಕ ಸೂಚ್ಯಂಕ ಸಿಕ್ಕ ಮೇಲೆ ಹೆಸರು ಇನ್ನೂ ದೊಡ್ಡದಾಯಿತು, ಹೆಸರಿನೊಂದಿಗೆ ಬೇರೆ ಕಾಯಿಯನ್ನು ಬ್ಯಾಡಗಿ ಎಂದು ಮಾರುವವರೂ ಹೆಚ್ಚಾದರು. ಸುಕ್ಕಿಲ್ಲದೆ ನುಣ್ಣಗೆ ಹೊಳೆಯುವ ಕಾಯಿಯನ್ನು ಬ್ಯಾಡಗಿ ಎಂದು ಕೊಟ್ಟರೆ ಕೊಳ್ಳಬೇಡಿ. ಮನೆಯಲ್ಲಿ ಖಾರ ಹೆಚ್ಚು ತಿನ್ನುವವರಿದ್ದರೆ ನಾಲ್ಕು ಪಾಲು ಬ್ಯಾಡಗಿಗೆ ಒಂದು ಪಾಲು ಗುಂಟೂರು ಸೇರಿಸಿ.

ನಿಮ್ಮ ಖಾರ ಕೆಟ್ಟದ್ದು ತುಂಬು (ತೊಟ್ಟು) ತೆಗೆಯದೆ ಒಣಗಿಸಿದ್ದರಿಂದಲೂ ಇರಬಹುದು, ಹಸಿ ತುಂಬಿನಲ್ಲಿಯೇ ಉಳಿಯುತ್ತದೆ. ಶನಿವಾರ ಸಂಜೆ ಎಲ್ಲರೂ ಕುಳಿತು ತುಂಬು ಮುರಿಯಿರಿ. ಸೀನು ಬರುತ್ತದೆ, ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ, ಆ ಕೈಯಿಂದ ಮಕ್ಕಳು ಕಣ್ಣು ಉಜ್ಜದಂತೆ ನೋಡಿಕೊಳ್ಳಿ. ಮೂರು ದಿನ ಬಿಸಿಲಿಗೆ ಹಾಕಿ ಸಂಜೆ ಒಳಗೆ ತರುವುದಕ್ಕೆ ನಿಮ್ಮ ಅವ್ವನವರನ್ನು ಮಾಳಿಗೆ ಹತ್ತಿಸಬೇಡಿ. ಮುಂದಿನ ರವಿವಾರ ಖಾರ ಕುಟ್ಟುವ ಗಿರಣಿಗೆ ಬೆಳಗ್ಗೆ ಏಳಕ್ಕೇ ಹೋದರೆ ಸರತಿ ಇರುವುದಿಲ್ಲ. ಬಿಸಿ ಪುಡಿಯನ್ನು ಹಾಗೆಯೇ ಡಬ್ಬಿಗೆ ತುಂಬದೆ, ಹರಡಿ ಆರಿಸಿ, ನಡುವೆ ಇಂಗಿನ ಹರಳು ಇಟ್ಟು ಮುಚ್ಚಿ.

ಶೆಟ್ಟರ್ ಕಾಲೊನಿ ಗೃಹಿಣಿ:

ಎಲ್ಲರೂ 'ಹೇಗೆ ಮಾಡಬೇಕು' ಎಂದು ಹೇಳುತ್ತಿದ್ದೀರಿ. 'ಯಾವುದನ್ನು ಬಿಡುತ್ತೀರಿ' ಎಂಬ ಕೊನೆಯ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ. ನಾನು ಶಾವಿಗೆಯನ್ನೂ ಹಪ್ಪಳವನ್ನೂ ಬಿಟ್ಟು ನಾಲ್ಕು ವರ್ಷವಾಯಿತು. ನಮ್ಮ ಓಣಿಯ ಸ್ವಸಹಾಯ ಸಂಘದ ಹೆಣ್ಣುಮಕ್ಕಳು ಮಾಡಿ ಕೊಡುತ್ತಾರೆ, ಗೋದಿ ನಾವೇ ಕೊಟ್ಟರೆ ಕೂಲಿ ಮಾತ್ರ ತೆಗೆದುಕೊಳ್ಳುತ್ತಾರೆ. ಮೊದಲ ವರ್ಷ ಅತ್ತೆಯವರು ಮುಖ ಊದಿಸಿಕೊಂಡಿದ್ದರು, ಎರಡನೆಯ ವರ್ಷ ಅವರೇ ಹೋಗಿ ಎಳೆ ದಪ್ಪವಾಯಿತು, ಸಣ್ಣ ಮಾಡಿ ಎಂದು ಹೇಳಿ ಬಂದರು.

ಅಣ್ಣಾವರೇ, ಬೇಸರ ಮಾಡಿಕೊಳ್ಳಬೇಡಿ. ನಿಮ್ಮ ಪ್ರಶ್ನೆಯಲ್ಲಿ 'ಆಗಬೇಕು, ತೆಗೆಯಬೇಕು, ತೊಳೆಯಬೇಕು' ಎಂದು ಬರೆದಿದ್ದೀರಿ. ಯಾರು ತೆಗೆಯಬೇಕು ಎಂದು ಬರೆದಿಲ್ಲ. ಶನಿವಾರ ಒಂದೂವರೆಗೆ ಮನೆ ಸೇರುವವರು ಮೂರು ಗಂಟೆಗೆ ಗೋದಿ ರುಬ್ಬುತ್ತಾರೆ ಎಂದು ಲೆಕ್ಕ ಹಾಕಿ ಈ ಐದು ವಾರ ಹೊಂದಿಸಬೇಡಿ. ನಿಮಗೆ ರಜೆ ಇರುವ ಎರಡು ಶನಿವಾರಗಳು ಪೂರ್ತಿ ನಿಮ್ಮ ಕೈಯಲ್ಲಿವೆ.

ಹಳೇಹುಬ್ಬಳ್ಳಿ ಭಾಯಿ:

ಶಾವಿಗೆ ಬಿಡಬೇಡಿ ಸರ್, ಬೇಕಾದರೆ ಹಪ್ಪಳ ಬಿಡಿ! ಈಚಿನ ವರ್ಷಗಳಲ್ಲಿ ರಂಜಾನ್ ಕೂಡ ಇದೇ ಕಾಲಕ್ಕೆ ಬರುತ್ತಿರುವುದರಿಂದ ನಮ್ಮ ಮನೆಯದೂ ನಿಮ್ಮದೇ ಕಥೆ. 2025ರಲ್ಲಿ ಮಾರ್ಚ್ 30ರ ರವಿವಾರ ಯುಗಾದಿ, ಮರುದಿನ ಸೋಮವಾರವೇ ನಮ್ಮ ಹಬ್ಬ. ಎರಡು ವಾರ ಮೊದಲು ಪಕ್ಕದ ಮನೆಯ ಕಾಕೂ ಮತ್ತು ನಮ್ಮ ಅಮ್ಮಿ ಕೂಡಿ ಒಂದೇ ಯಂತ್ರ ತರಿಸಿ ಶಾವಿಗೆ ಮಾಡಿದರು: ಅವರದು ಬಸಿದು ಬೆಲ್ಲ, ತುಪ್ಪ ಹಾಕಿಕೊಳ್ಳಲು, ನಮ್ಮದು ಹಬ್ಬದ ಹಾಲಿನ ಪಾಯಸ ಸುರಕುಂಬಾಕ್ಕೆ ಕೂದಲಿನಷ್ಟು ಸಣ್ಣದು. ಉಪವಾಸವಿದ್ದವರು ಬೆಳಗಿನ ತಂಪಿನಲ್ಲಿ ಕೆಲಸ ಮುಗಿಸಿ ಬಿಸಿಲೇರಿದ ಮೇಲೆ ಒಳಗೆ ಮಲಗುತ್ತಿದ್ದರು, ಮಾಳಿಗೆ ಕಾಯುವ ಕೆಲಸ ಕಾಕೂ ಅವರದು. ಎರಡು ಮನೆ ಕೂಡಿದರೆ ಕೆಲಸ ಅರ್ಧವಾಗುವುದಿಲ್ಲ, ನಿಜ ಹೇಳಬೇಕೆಂದರೆ ಹರಟೆಯಿಂದ ಒಂದೂವರೆ ಪಟ್ಟಾಗುತ್ತದೆ, ಆದರೆ ಯಾರೂ ಸಿಡುಕುವುದಿಲ್ಲ. ನಮ್ಮ ಹಬ್ಬ ಪ್ರತಿ ವರ್ಷ ಹತ್ತು ಹನ್ನೊಂದು ದಿನ ಹಿಂದೆ ಸರಿಯುವುದರಿಂದ ಈ ಜೊತೆ ಬಹಳ ವರ್ಷ ಉಳಿಯುವುದಿಲ್ಲ ಎಂಬುದೊಂದೇ ಬೇಸರ.

ವೀರನಾರಾಯಣ ಓಣಿ (ಗದಗ):

ದೇವರು ಮತ್ತು ಮಕ್ಕಳ ಖುಷಿಯನ್ನು ನೀವು ಎರಡು ಬೇರೆ ಖಾತೆಗಳಲ್ಲಿ ಇಟ್ಟಿದ್ದೀರಿ ಎಂದು ನನಗೆ ಅನಿಸುತ್ತದೆ. ಜಾತ್ರೆಯ ಗದ್ದಲದ ದಿನ ಬಿಟ್ಟು, ಸಾಮಾನ್ಯ ರವಿವಾರ ಬೆಳಗ್ಗೆ ಮಠಕ್ಕೆ ಹೋದರೆ ಪಾರ್ಕಿಂಗ್ ತಂಟೆಯಿಲ್ಲ, ಅವ್ವನವರು ಸಿದ್ಧಾರೂಢರ ಗದ್ದುಗೆಯ ಮುಂದೆ ಬೇಕಾದಷ್ಟು ಹೊತ್ತು ಕುಳಿತು 'ಓಂ ನಮಃ ಶಿವಾಯ' ಎನ್ನಬಹುದು. ತೇರಿಗೆ ಉತ್ತತ್ತಿ, ಬಾಳೆಹಣ್ಣು ಎಸೆಯುವ ಸಂಭ್ರಮಕ್ಕೆ ಮಗನನ್ನು ನೀವೊಬ್ಬರೇ ಕರೆದುಕೊಂಡು ನಡೆದು ಹೋಗಿ.

ಒಂದು ರವಿವಾರ ನಮ್ಮ ಕಡೆ ಬನ್ನಿ. ಹುಬ್ಬಳ್ಳಿಯಿಂದ ಗದಗಿಗೆ ಅರವತ್ತು ಕಿಲೋಮೀಟರಿನೊಳಗೆ, ಅಲ್ಲಿಂದ ಲಕ್ಕುಂಡಿಗೆ ಹನ್ನೆರಡು. ಎಂಟಕ್ಕೆ ವೀರನಾರಾಯಣನ ಗುಡಿಯಲ್ಲಿದ್ದರೆ ಕುಮಾರವ್ಯಾಸ ಕುಳಿತು ಭಾರತ ಬರೆದನೆನ್ನುವ ಕಂಬವನ್ನು ಮಗಳಿಗೆ ತೋರಿಸಬಹುದು. ಪರೀಕ್ಷೆಯ ಪಠ್ಯದಲ್ಲಿ ಷಟ್ಪದಿಯ ಲಘು ಗುರು ಹಾಕಿ ಬೇಸತ್ತವಳಿಗೆ ಆ ಕಂಬ ಬೇರೆಯದೇ ಆಗಿ ಕಾಣುತ್ತದೆ. ಲಕ್ಕುಂಡಿಯಲ್ಲಿ ಅತ್ತಿಮಬ್ಬೆ 1007ರಲ್ಲಿ ಕಟ್ಟಿಸಿದ ಬ್ರಹ್ಮ ಜಿನಾಲಯ, ಕಾಶಿವಿಶ್ವೇಶ್ವರ, ಮುಸುಕಿನ ಬಾವಿ. ಬಾವಿಯ ಮೆಟ್ಟಿಲುಗಳಲ್ಲಿ ಬೇಸಿಗೆಯಲ್ಲಿಯೂ ತಂಪಿರುತ್ತದೆ, ನಾಲ್ಕನೆಯ ತರಗತಿಯ ಹುಡುಗನನ್ನು ಅಲ್ಲಿಂದ ಮೇಲೆ ಕರೆತರುವುದೇ ಕಷ್ಟ. ಹನ್ನೊಂದರ ನಂತರ ಕಲ್ಲು ಕಾದು ಬರಿಗಾಲು ಇಡಲಾಗುವುದಿಲ್ಲ, ಆದ್ದರಿಂದ ಬೇಗ ಹೊರಡಿ. ಬುತ್ತಿಗೆ ಜೋಳದ ಕಟಕ ರೊಟ್ಟಿ, ಶೇಂಗಾ ಚಟ್ನಿ, ಮೊಸರು ಸಾಕು. ಗದಗಿನಲ್ಲಿ ಬದನೆಕಾಯಿ ಬಜಿ ಕಟ್ಟಿಸಿಕೊಳ್ಳುವುದನ್ನು ನಾನು ಹೇಳಬೇಕಾಗಿಲ್ಲ.

ದೂರ ಆಗದಿದ್ದರೆ ಉಣಕಲ್ಲಿನ ಚಂದ್ರಮೌಳೇಶ್ವರ ಗುಡಿ ನಿಮ್ಮ ಬಗಲಲ್ಲೇ ಇದೆ. ಸಂಜೆ ದರ್ಶನ ಮುಗಿಸಿ ಕೆರೆಯ ದಂಡೆಯಲ್ಲಿ ಗಿರಮಿಟ್ ತಿಂದು ಬಂದರೆ ಎರಡು ಗಂಟೆಯ ಕೆಲಸ.

ವಿದ್ಯಾನಗರದ ಗೃಹಸ್ಥ (ಹುಬ್ಬಳ್ಳಿ):

ಎಲ್ಲರಿಗೂ ಮನಸಾರೆ ವಂದನೆಗಳು. ಈ ಉತ್ತರಗಳನ್ನು ನಿನ್ನೆ ರಾತ್ರಿ ಊಟದ ಹೊತ್ತಿನಲ್ಲಿ ಗಟ್ಟಿಯಾಗಿ ಓದಿದೆ. ಶೆಟ್ಟರ್ ಕಾಲೊನಿಯ ಅಕ್ಕಾವರ ಮಾತು ಬಂದಾಗ ನನ್ನ ಹೆಂಡತಿ 'ಅದನ್ನು ಇನ್ನೊಮ್ಮೆ ಓದಿರಿ' ಎಂದಳು, ಓದಿದೆ.

ಹೀಗೆ ತೀರ್ಮಾನವಾಗಿದೆ. ಹಪ್ಪಳವನ್ನು ಈ ವರ್ಷ ಸಂಘದವರಿಗೆ ಒಪ್ಪಿಸುತ್ತೇವೆ. ನನಗೆ ರಜೆಯಿರುವ ಮೊದಲ ಶನಿವಾರ ನಾನೇ ಅಮರಗೋಳದ ಎಪಿಎಂಸಿಗೆ ಹೋಗಿ ಕಾಯಿ ತಂದು, ಅಂದೇ ಸಂಜೆ ತುಂಬು ಮುರಿಯುವುದು. ಒಣಗಿಸಿ ಒಳಗೆ ತರುವ ಹೊಣೆಯೂ ನನ್ನದು. ಕುರುಡಿಗೆ ಅರ್ಧ ಕಿಲೋ ಗೋದಿಯದು ಮಾತ್ರ. ಸಾಧನಕೇರಿ ಅಕ್ಕಾವರು ಹೇಳಿದ ಬಿಸಿ ಹಿಟ್ಟಿನ ಸುದ್ದಿ ಕೇಳಿ ಮಗ ಹಟ ಹಿಡಿದಿದ್ದಾನೆ. ರಂಗಪಂಚಮಿಗೆ ಬಾರಿಸಲು ಹಲಗೆ ಬೇಕೆಂದು ಇನ್ನೊಂದು ಹಟವೂ ಇದೆ, ಪರೀಕ್ಷೆಗೆ ಓದುವವಳು ಪಕ್ಕದ ಕೋಣೆಯಲ್ಲಿಯೇ ಇರುವುದರಿಂದ ಮಾಳಿಗೆಯ ಮೇಲೆ ಸಂಜೆ ಅರ್ಧ ತಾಸು ಎಂದು ಒಪ್ಪಂದವಾಯಿತು. ಲಕ್ಕುಂಡಿಯನ್ನು ಮಗಳ ಪರೀಕ್ಷೆ ಮುಗಿದ ಮೇಲಿನ ಮೊದಲ ರವಿವಾರಕ್ಕೆ ಇಟ್ಟಿದ್ದೇವೆ, ಬಿಸಿಲು ಹೆಚ್ಚಿರುತ್ತದೆ, ಐದೂವರೆಗೇ ಹೊರಡುತ್ತೇವೆ.

ಅವ್ವನಿಗೆ ಇದರಲ್ಲಿ ಒಂದೇ ಆಕ್ಷೇಪಣೆ. ಹಪ್ಪಳ ಹೊರಗಿನಿಂದ ತರಿಸಿದರೂ ಶಾವಿಗೆಯ ಹಿಟ್ಟನ್ನು ತಾನೇ ನಾದುವೆನೆಂದು ಹೇಳಿದ್ದಾಳೆ. ಹಳೇಹುಬ್ಬಳ್ಳಿಯ ಭಾಯಿಯವರು ಆ ಯಂತ್ರ ಎಲ್ಲಿ ಬಾಡಿಗೆಗೆ ಸಿಗುತ್ತದೆಂದು ದಯವಿಟ್ಟು ತಿಳಿಸಬೇಕು.