850 ಸೆಂಟಿಮಾರ್ಗನ್ ಹೊಂದುವ ಅಪರಿಚಿತರು ನನಗೆ ಏನಾಗಬೇಕು?

ಪ್ರಶ್ನೆ:
ನಾಲ್ಕು ವರ್ಷಗಳಿಂದ ನಮ್ಮ ಮನೆತನದ ವಂಶವೃಕ್ಷವನ್ನು ಜೋಡಿಸುತ್ತಿದ್ದೇನೆ. ಕಳೆದ ತಿಂಗಳು ಡಿಎನ್‌ಎ ಪರೀಕ್ಷೆಯ ಫಲಿತಾಂಶ ಬಂದಾಗ, ನಾನು ಎಂದೂ ಕೇಳಿರದ ಒಬ್ಬರ ಹೆಸರು ಹೊಂದಾಣಿಕೆಯ ಪಟ್ಟಿಯಲ್ಲಿತ್ತು. ನಮ್ಮಿಬ್ಬರ ನಡುವೆ 850 ಸೆಂಟಿಮಾರ್ಗನ್ (ಹೊಂದುವ ಡಿಎನ್‌ಎ ಎಷ್ಟೆಂದು ಅಳೆಯುವ ಮಾನ) ಹೊಂದುತ್ತದೆಯಂತೆ. ಜಾಲತಾಣವು ಅವರನ್ನು ದೊಡ್ಡಪ್ಪ ಚಿಕ್ಕಪ್ಪಂದಿರ ಮಕ್ಕಳ ಸಾಲಿಗೆ ಸೇರಿಸಿದೆ. ಆದರೆ ತೀರಿಕೊಂಡ ನನ್ನ ತಂದೆಗೆ ಇದ್ದವರು ಒಬ್ಬರೇ ತಮ್ಮ, ಅವರಿಗೆ ಮಕ್ಕಳಿಲ್ಲ. ಅದೇ ಜಾಲತಾಣದಲ್ಲಿ ಪರೀಕ್ಷೆ ಮಾಡಿಸಿರುವ ನನ್ನ ತಾಯಿಯ ತಂಗಿಗೆ ಈ ವ್ಯಕ್ತಿ ಹೊಂದುವುದಿಲ್ಲ, ಹಾಗಾಗಿ ನಂಟು ತಂದೆಯ ಕಡೆಯದೇ ಇರಬೇಕು. ಇನ್ನೊಂದು ಗೋಜಲೂ ಇದೆ. ಮದುವೆಯ ದಾಖಲೆಯ ಸೂಚಿಯಲ್ಲಿ ಅಜ್ಜನ (ತಂದೆಯ ತಂದೆ) ವಯಸ್ಸು 24 ಎಂದಿದೆ, ಮರಣ ದಾಖಲೆಯ ಲೆಕ್ಕ ಹಿಡಿದರೆ ಆಗ ಅವರಿಗೆ 31 ಆಗಿರಬೇಕು. ಎಲ್ಲಿಂದ ಹಿಡಿದು ಬಿಡಿಸಬೇಕು ಎಂದು ತಿಳಿಯುತ್ತಿಲ್ಲ.

ಉತ್ತರ 1:
ಜಾಲತಾಣ ಕೊಟ್ಟ ಸಂಬಂಧದ ಹೆಸರನ್ನು ಸದ್ಯಕ್ಕೆ ಬದಿಗಿಡಿ. ತಂದೆಯ ಒಡಹುಟ್ಟಿದವರ ಮಕ್ಕಳಾಗಲಿ, ಅಜ್ಜನ ಒಡಹುಟ್ಟಿದವರಾಗಲಿ, ಅಜ್ಜನಿಗೆ ಬೇರೊಂದು ಸಂಬಂಧದಲ್ಲಿ ಹುಟ್ಟಿದ ಮಕ್ಕಳಾಗಲಿ, ಮೂವರೂ ನಿಮ್ಮೊಡನೆ ಹಂಚಿಕೊಳ್ಳುವ ಡಿಎನ್‌ಎ ಸರಾಸರಿ ಶೇ. 12.5ರಷ್ಟೇ, ಅಂದರೆ ಹೆಚ್ಚುಕಡಿಮೆ ಈ 850 ಸೆಂಟಿಮಾರ್ಗನ್. ಚಿಕ್ಕಪ್ಪನವರ ಪರೀಕ್ಷೆ ಮಾಡಿಸಿದರೂ ಈ ಕಗ್ಗಂಟು ಸಡಿಲವಾಗುವುದಿಲ್ಲ, ಏಕೆಂದರೆ ಅವರಿಗೂ ಆ ವ್ಯಕ್ತಿಗೂ ಮೂರೂ ಸಂದರ್ಭಗಳಲ್ಲಿ ಶೇ. 25ರ ಆಸುಪಾಸಿನ ಅಂಕಿಯೇ ಬರುತ್ತದೆ.

ಕೇಳಬೇಕಾದ ಪ್ರಶ್ನೆ ಬೇರೆ: ಆ ವ್ಯಕ್ತಿ ನಿಮ್ಮ ಅಜ್ಜಿಯ ತವರಿನವರಿಗೂ ಹೊಂದುತ್ತಾರೆಯೇ? ಅಜ್ಜಿಯ ಅಣ್ಣತಮ್ಮಂದಿರ ಮೊಮ್ಮಕ್ಕಳು ಯಾರಾದರೂ ನಿಮ್ಮ ಪಟ್ಟಿಯಲ್ಲಿದ್ದರೆ, ಇಬ್ಬರಿಗೂ ಸಮಾನವಾದ ಹೊಂದಾಣಿಕೆಗಳ ಪುಟವನ್ನು ತೆರೆದು ನೋಡಿ. ಅಜ್ಜಂದಿರು ಒಡಹುಟ್ಟಿದವರಾಗಿದ್ದರೆ ಮೊಮ್ಮಕ್ಕಳ ನಡುವೆ ಡಿಎನ್‌ಎ ಹೊಂದದೇ ಇರುವುದು ಇಲ್ಲವೆಂದೇ ಹೇಳಬಹುದು. ಇನ್ನೊಂದು ತಲೆಮಾರು ಕೆಳಗಿಳಿದರೆ ಸುಮಾರು ಹತ್ತರಲ್ಲಿ ಒಂದು ಜೋಡಿಗೆ ಏನೂ ಹೊಂದದಿರಬಹುದು. ಆದ್ದರಿಂದ ಮೊಮ್ಮಕ್ಕಳ ತಲೆಮಾರಿನಲ್ಲಿ ಸಿಗುವ ‘ಇಲ್ಲ’ ಎಂಬ ಉತ್ತರಕ್ಕೆ ತೂಕವಿದೆ: ಆ ವ್ಯಕ್ತಿ ನಿಮ್ಮ ಅಜ್ಜಿಯ ವಂಶದವರಲ್ಲ, ನಂಟು ಅಜ್ಜನ ಕಡೆಯಿಂದ ಮಾತ್ರ ಎಂದರ್ಥ.

ಉತ್ತರ 2:
ದಾಖಲೆಗಳ ವಿಷಯವಾಗಿ ಒಂದು ಮಾತು. ನೀವು ಓದಿರುವುದು ಸೂಚಿಯನ್ನು, ದಾಖಲೆಯನ್ನಲ್ಲ. ಸೂಚಿ ತಯಾರಿಸುವವರು ಸಾಮಾನ್ಯವಾಗಿ ಹೆಸರು, ವಯಸ್ಸು, ದಿನಾಂಕ, ಊರು ಇಂಥ ಕೆಲವನ್ನೇ ಎತ್ತಿಕೊಳ್ಳುತ್ತಾರೆ. ಉಳಿದ ಅಂಕಣಗಳು ಮೂಲಪುಟದ ಚಿತ್ರದಲ್ಲೇ ಉಳಿದುಬಿಡುತ್ತವೆ. ಮದುವೆಯ ಪುಸ್ತಕಗಳಲ್ಲಿ ಬಹಳ ಕಡೆ ವರನು ಅವಿವಾಹಿತನೋ ವಿಧುರನೋ ಎಂದು ಬರೆಯುವ ಅಂಕಣವಿರುತ್ತದೆ, ಅದನ್ನು ಮೊದಲು ನೋಡಿ. ಮರಣ ದಾಖಲೆಯಲ್ಲಿ ಮಾಹಿತಿ ಕೊಟ್ಟವರು ಯಾರು ಎಂಬುದನ್ನೂ ಗಮನಿಸಿ. ಸತ್ತವರ ಹುಟ್ಟಿದ ವರ್ಷವನ್ನು ಹೇಳುವವರು ಬೇರೆಯವರೇ ಆಗಿರುವುದರಿಂದ ಆ ಅಂಕಿಯನ್ನು ನಾನು ಒಂಟಿಯಾಗಿ ನಂಬುವುದಿಲ್ಲ. ಇತರರು ಜಾಲತಾಣದಲ್ಲಿ ಹಾಕಿರುವ ವಂಶವೃಕ್ಷಗಳನ್ನಂತೂ ಸುಳಿವೆಂದು ಮಾತ್ರ ತೆಗೆದುಕೊಳ್ಳಿ. ಒಬ್ಬರ ತಪ್ಪನ್ನು ಹತ್ತು ಜನ ನಕಲು ಮಾಡಿದರೆ ಅದು ಹತ್ತು ಸಾಕ್ಷಿಯಾಗುವುದಿಲ್ಲ.

ಉತ್ತರ 3:
ಆ ವ್ಯಕ್ತಿಗೆ ಬರೆಯುವ ಮುನ್ನ ದಯವಿಟ್ಟು ಚಿಕ್ಕಪ್ಪನವರೊಡನೆ ಕುಳಿತು ಮಾತನಾಡಿ. ನಿಮಗೆ ಇದು ಬಿಡಿಸಬೇಕಾದ ಒಗಟು, ಅವರಿಗೆ ಹೆತ್ತ ತಂದೆಯ ಬದುಕು. ಮೊದಲ ಪತ್ರದಲ್ಲಿ ಊಹೆಗಳನ್ನು ಬರೆಯಬೇಡಿ. ಹೊಂದಾಣಿಕೆಯ ಅಂಕಿ, ನಿಮಗೆ ಗೊತ್ತಿರುವ ಕುಟುಂಬದ ಹೆಸರುಗಳು, ಉತ್ತರಿಸುವುದು ಅವರ ಇಷ್ಟ ಎಂಬ ಮಾತು ಸಾಕು.

ಪ್ರಶ್ನೆ ಕೇಳಿದವರು:
ಮೂವರಿಗೂ ಕೃತಜ್ಞತೆಗಳು. ಅಜ್ಜಿಯ ಅಣ್ಣನ ಮೊಮ್ಮಗಳು ನನಗೆ 210 ಸೆಂಟಿಮಾರ್ಗನ್ ಹೊಂದುತ್ತಾಳೆ, ಆ ವ್ಯಕ್ತಿಗೆ ಹೊಂದುವುದೇ ಇಲ್ಲ. ಮೂಲಪುಟವನ್ನು ದೊಡ್ಡದು ಮಾಡಿ ನೋಡಿದೆ: ವಯಸ್ಸಿನ ಅಂಕಿ 29, ಬಾಲ ಮಸುಕಾದ ಒಂಬತ್ತನ್ನು ನಾಲ್ಕೆಂದು ಓದಿದ್ದಾರೆ. ಪಕ್ಕದ ಅಂಕಣದಲ್ಲಿ ‘ವಿಧುರ’ ಎಂದಿದೆ. ಆ ವ್ಯಕ್ತಿ ಕೊಟ್ಟಿರುವ ಹುಟ್ಟಿದ ವರ್ಷ ಈ ಮದುವೆಗಿಂತ ಎರಡು ವರ್ಷ ಹಿಂದಿನದು. ಅಜ್ಜನ ತಮ್ಮಂದಿರಲ್ಲಿ ಆ ವಯಸ್ಸಿನವರು ಯಾರೂ ಇರಲಿಲ್ಲ. ಹಾಗಾದರೆ ಅವರು ನನ್ನ ತಂದೆಯ ಅಣ್ಣ, ಅಂದರೆ ನನಗೆ ದೊಡ್ಡಪ್ಪ ಆಗಬೇಕು.

ಚಿಕ್ಕಪ್ಪನವರಿಗೆ ಪುಟವನ್ನು ತೋರಿಸಿದೆ. ಬಹಳ ಹೊತ್ತು ಆ ಒಂದು ಪದದ ಮೇಲೆ ಬೆರಳಿಟ್ಟುಕೊಂಡು ಕುಳಿತಿದ್ದರು. ನಾನು ಬರೆದಿದ್ದ ಪತ್ರದಲ್ಲಿ ‘ಮಾನ್ಯರೇ’ ಎಂಬುದನ್ನು ಹೊಡೆದು, ‘ಅಣ್ಣನವರಿಗೆ’ ಎಂದು ತಿದ್ದಿ, ತಾವೇ ಸಹಿ ಹಾಕಿ ಕೊಟ್ಟಿದ್ದಾರೆ. ಇಂದು ಬೆಳಿಗ್ಗೆ ಕಳುಹಿಸಿದೆ.