ತೋಟದೊಳಗಿನ ಖಾಸಗಿ ಕೆರೆಯ ಮಣ್ಣಿನ ಏರಿ: ಪರಿಶೀಲಿಸಬೇಕಾದವರು ಯಾರು?

ಪ್ರಶ್ನೆ

ನಮಸ್ಕಾರ. ಮೂಡಿಗೆರೆ ತಾಲ್ಲೂಕಿನ ನಮ್ಮ ಕಾಫಿ ತೋಟದೊಳಗೆ, ಎರಡು ಗುಡ್ಡಗಳ ನಡುವಿನ ಹಳ್ಳಕ್ಕೆ ಅಡ್ಡಲಾಗಿ ನಮ್ಮ ತಂದೆಯವರು ನಲವತ್ತು ವರ್ಷಗಳ ಹಿಂದೆ ಕಟ್ಟಿಸಿದ ಮಣ್ಣಿನ ಏರಿಯೊಂದಿದೆ. ಎತ್ತರ ಸುಮಾರು 7 ಮೀಟರ್, ಉದ್ದ 90 ಮೀಟರ್. ಕಾಫಿ ಹೂ ಅರಳಲು ಬೇಕಾದ ಹೂಮಳೆ ಕೈಕೊಟ್ಟ ವರ್ಷ ಸ್ಪ್ರಿಂಕ್ಲರ್ ಹಾಯಿಸಲು ನಮಗಿರುವುದು ಈ ಕೆರೆಯ ನೀರು ಮಾತ್ರ. ಕಳೆದ ಮಳೆಗಾಲದಿಂದ ಏರಿಯ ಹೊರಮೈಯ ಬುಡದಲ್ಲಿ, ತೂಬಿನ ಪೈಪು ಹೊರಬರುವ ಜಾಗದ ಪಕ್ಕದಲ್ಲೇ, ನೀರು ಜಿನುಗುತ್ತಿದೆ. ಏರಿಯ ಮೇಲೆ ತಾವಾಗಿ ಹುಟ್ಟಿದ ಮರಗಳು ತೋಳಿನ ತೆಕ್ಕೆಗೆ ಸಿಗದಷ್ಟು ದಪ್ಪವಾಗಿವೆ. ಮೀನು ಸಾಕಲು ಗುತ್ತಿಗೆ ಪಡೆದವರು ಮರಿಗಳು ಕೊಚ್ಚಿಹೋಗಬಾರದೆಂದು ಕೋಡಿಗೆ ಬಲೆ ಕಟ್ಟಿದ್ದಾರೆ. ಏರಿಯಿಂದ ಅರ್ಧ ಕಿಲೋಮೀಟರ್ ಕೆಳಗೆ ಕಾರ್ಮಿಕರ ಲೈನ್ ಮನೆಗಳಿವೆ, ಅದರಾಚೆ ಬೇರೆಯವರ ಗದ್ದೆಗಳಿವೆ. ವಿಚಾರಿಸಲು ಹೋದ ಎರಡು ಕಚೇರಿಗಳಲ್ಲೂ ಇದು ತಮ್ಮ ವ್ಯಾಪ್ತಿಗೆ ಬರುವುದಿಲ್ಲವೆಂದರು. ಮಳೆಗಾಲಕ್ಕೆ ಇನ್ನು ಮೂರು ವಾರವಿದೆ. ಈ ಏರಿಯನ್ನು ನೋಡಿ ಇದು ಸುರಕ್ಷಿತವೋ ಅಲ್ಲವೋ ಎಂದು ಹೇಳುವ ಹೊಣೆ ಯಾರದು? ಅಲ್ಲಿಯವರೆಗೆ ನಾನೇನು ಮಾಡಬೇಕು?

ಉತ್ತರ 1 (ನೀರಾವರಿ ಕೆಲಸದಿಂದ ನಿವೃತ್ತರಾದ ಎಂಜಿನಿಯರ್)

ಮೊದಲು ಆ ಬಲೆಯನ್ನು ಇಂದೇ ಬಿಚ್ಚಿಸಿ, ಉಳಿದ ಮಾತು ಆಮೇಲೆ. ಮಣ್ಣಿನ ಏರಿ ತನ್ನ ತಲೆಯ ಮೇಲೆ ನೀರು ಹರಿಯುವುದನ್ನು ತಾಳುವುದಿಲ್ಲ. ಕೋಡಿ ಕಟ್ಟಿಕೊಂಡರೆ ನೀರಿಗೆ ಉಳಿಯುವುದು ಆ ಒಂದೇ ದಾರಿ. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಶ್ರೀಮಂತರ ಕ್ಲಬ್ಬೊಂದರ ಒಡೆತನದಲ್ಲಿದ್ದ ಸೌತ್ ಫೋರ್ಕ್ ಎಂಬ ಮಣ್ಣಿನ ಅಣೆಕಟ್ಟೆಯ ಕೋಡಿಗೂ ಮೀನು ತಪ್ಪಿಸಿಕೊಳ್ಳದಂತೆ ಜಾಲರಿ ಹಾಕಿದ್ದರು. ಗಾಡಿ ಓಡಾಡಲೆಂದು ಅದರ ತಲೆಮಟ್ಟವನ್ನು ತಗ್ಗಿಸಿದ್ದರು, ತಳದಲ್ಲಿ ನೀರು ಬಿಡಲು ಇದ್ದ, ಹಿಂದಿನ ಒಡೆಯರು ಕಿತ್ತಿದ್ದ ಕೊಳವೆಗಳನ್ನು ಕ್ಲಬ್ಬಿನವರು ಮತ್ತೆ ಹಾಕಿರಲಿಲ್ಲ. 1889ರ ಮೇ 31ರಂದು ಜೋರು ಮಳೆಯಲ್ಲಿ ಕಸಕಡ್ಡಿ ಜಾಲರಿಗೆ ಸಿಕ್ಕಿಕೊಂಡು, ನೀರು ಕಟ್ಟೆಯ ತಲೆಯ ಮೇಲೆ ಹರಿದು, ಕಟ್ಟೆ ಒಡೆದು, ಕೆಳಗಿನ ಜಾನ್ಸ್‌ಟೌನ್ ಪಟ್ಟಣದಲ್ಲಿ 2,200ಕ್ಕೂ ಹೆಚ್ಚು ಜನ ಸತ್ತರು. ನಿಮ್ಮ ಕೆರೆ ಅದರ ಮುಂದೆ ತೀರಾ ಚಿಕ್ಕದು ನಿಜ, ಆದರೆ ಅರ್ಧ ಕಿಲೋಮೀಟರ್ ಕೆಳಗಿರುವ ಲೈನ್ ಮನೆಗೆ ಆ ವ್ಯತ್ಯಾಸದಿಂದ ಸಿಗುವ ಸಮಾಧಾನ ಅಷ್ಟಕ್ಕಷ್ಟೇ.

ಜಿನುಗಿನ ವಿಷಯ. ಮಣ್ಣಿನ ಏರಿಯಲ್ಲಿ ಒಂದಿಷ್ಟು ನೀರು ಒಸರುವುದು ಸಹಜ. ಆದರೆ ಪೈಪಿನ ಪಕ್ಕದ ಒಸರನ್ನು ನಾನು ಎಂದೂ ಹಗುರವಾಗಿ ತೆಗೆದುಕೊಳ್ಳುವುದಿಲ್ಲ, ಏಕೆಂದರೆ ಪೈಪಿನ ಸುತ್ತ ಮಣ್ಣನ್ನು ಸರಿಯಾಗಿ ದಮ್ಮಸು ಮಾಡುವುದು ಕಷ್ಟ, ನೀರು ಆ ಸಂದಿನಲ್ಲೇ ಮಣ್ಣಿನ ಕಣಗಳನ್ನು ಎಳೆದುಕೊಂಡು ಒಳಗೊಳಗೇ ಸುರಂಗ ಮಾಡುತ್ತದೆ. ಒಸರನ್ನು ಒಂದು ಚಿಕ್ಕ ಕಾಲುವೆಗೆ ಕೂಡಿಸಿ, ಬಕೆಟ್ ತುಂಬಲು ಹಿಡಿಯುವ ಸಮಯವನ್ನು ದಿನಾ ಬೆಳಿಗ್ಗೆ ಬರೆದಿಡಿ. ಅದರ ಪಕ್ಕದಲ್ಲೇ ಕೆರೆಯ ನೀರಿನ ಮಟ್ಟವನ್ನೂ ಮಳೆಯ ಪ್ರಮಾಣವನ್ನೂ ಬರೆಯಿರಿ. ಗಾಜಿನ ಬಾಟಲಿಯಲ್ಲಿ ನೀರು ಹಿಡಿದು ಕದಲಿಸದೆ ಇಟ್ಟು, ತಳದಲ್ಲಿ ಮಣ್ಣು ನಿಲ್ಲುತ್ತದೆಯೇ ನೋಡಿ. ಕೆರೆಯ ಮಟ್ಟ ಏರದೆ ಒಸರು ಹೆಚ್ಚಿದರೆ, ಅಥವಾ ನೀರು ಕದಡಿ ಬಂದರೆ, ಲೈನ್ ಮನೆಗಳನ್ನು ತೆರವು ಮಾಡಿಸಿ ಕೂಡಲೇ ತಾಲ್ಲೂಕು ಆಡಳಿತಕ್ಕೆ ತಿಳಿಸಿ. ಒಸರುವ ಬಾಯಿಗೆ ಜೇಡಿಮಣ್ಣು ಮೆತ್ತಿ ಮುಚ್ಚುವ ತಪ್ಪು ಮಾಡಬೇಡಿ, ನೀರು ಒಳಗೇ ಒತ್ತಡ ಕಟ್ಟಿ ಬೇರೆ ಕಡೆ ಒಡೆಯುತ್ತದೆ. ಅಲ್ಲಿ ಮರಳು, ಅದರ ಮೇಲೆ ಜಲ್ಲಿ ಹಾಕಬೇಕು. ನೀರು ಹೋಗಬೇಕು, ಮಣ್ಣು ನಿಲ್ಲಬೇಕು.

ಪರಿಣತರೊಬ್ಬರು ಬಂದು ನೋಡುವವರೆಗೆ ಕೆರೆಯ ಮಟ್ಟವನ್ನು ಇಳಿಸಿಡಿ. ದಿನಕ್ಕೆ ಒಂದು ಅಡಿಗಿಂತ ವೇಗವಾಗಿ ಇಳಿಸಿದರೆ ಒಳಮೈಯ ಹಸಿ ಮಣ್ಣು ಜಾರಬಹುದು.

ಉತ್ತರ 2 (ವಕೀಲರು)

ನೀವು ಹೋದ ಕಚೇರಿಯವರು ಹೇಳಿದ್ದರಲ್ಲಿ ಸುಳ್ಳಿಲ್ಲ. 2021ರ ಅಣೆಕಟ್ಟು ಸುರಕ್ಷತಾ ಕಾಯಿದೆ ಖಾಸಗಿ ಒಡೆಯರನ್ನೂ ಒಳಗೊಳ್ಳುತ್ತದೆ, ಆದರೆ 15 ಮೀಟರ್‌ಗಿಂತ ಎತ್ತರದ ಕಟ್ಟೆಗಳಿಗೆ ಮಾತ್ರ. 10ರಿಂದ 15 ಮೀಟರ್ ಇದ್ದರೆ, 500 ಮೀಟರ್ ಉದ್ದ ಅಥವಾ 10 ಲಕ್ಷ ಘನಮೀಟರ್ ಸಂಗ್ರಹದಂತಹ ಇನ್ನೊಂದು ಲಕ್ಷಣವೂ ಇರಬೇಕು. ಆ ಕಾಯಿದೆ ದೊಡ್ಡ ಕಟ್ಟೆಗಳ ಒಡೆಯರಿಗೆ ವಿಧಿಸುವ ಮಳೆಗಾಲದ ಮುಂಚಿನ ಮತ್ತು ನಂತರದ ತಪಾಸಣೆಯನ್ನು ನಿಮ್ಮ 7 ಮೀಟರಿನ ಏರಿಗೆ ಯಾರೂ ಕಡ್ಡಾಯ ಮಾಡಿಲ್ಲ. ನನ್ನ ದೃಷ್ಟಿಯಲ್ಲಿ ಇದು ಕಾನೂನಿನ ದೊಡ್ಡ ಕೊರತೆ, ಏಕೆಂದರೆ ಅಪಾಯವನ್ನು ಎತ್ತರದಿಂದಷ್ಟೇ ಅಳೆಯಲಾಗದು, ಕೆಳಗೆ ಯಾರಿದ್ದಾರೆ ಎಂಬುದರಿಂದಲೂ ಅಳೆಯಬೇಕು.

ಆದರೆ ತಪಾಸಣೆ ಕಡ್ಡಾಯವಲ್ಲ ಎಂದರೆ ಹೊಣೆಯೇ ಇಲ್ಲ ಎಂದಲ್ಲ. ಇಂಗ್ಲೆಂಡಿನಲ್ಲಿ ಗಿರಣಿಯ ಒಡೆಯರೊಬ್ಬರು ಕಟ್ಟಿಸಿದ ಜಲಾಶಯದ ನೀರು ನೆರೆಯವರ ಗಣಿಗೆ ನುಗ್ಗಿದಾಗ, ಒಡೆಯರದೇ ತಪ್ಪಿಲ್ಲದಿದ್ದರೂ ನಷ್ಟ ಅವರೇ ತುಂಬಿಕೊಡಬೇಕೆಂದು 1868ರಲ್ಲಿ ರೈಲ್ಯಾಂಡ್ಸ್ ಮೊಕದ್ದಮೆಯಲ್ಲಿ ತೀರ್ಪಾಯಿತು. 1874ರಲ್ಲಿ ಬ್ರಿಟಿಷ್ ಭಾರತದ ಅಂತಿಮ ಮೇಲ್ಮನವಿಗಳನ್ನು ಲಂಡನ್ನಿನಲ್ಲಿ ಕೇಳುತ್ತಿದ್ದ ಪ್ರಿವಿ ಕೌನ್ಸಿಲ್, ಇಂದಿನ ಆಂಧ್ರದ ಕಾರ್ವೇಟಿನಗರದ ಜಮೀನುದಾರರ ಕೆರೆಗಳು ಒಡೆದು ರೈಲುಮಾರ್ಗ ಹಾಳಾದ ಪ್ರಕರಣದಲ್ಲಿ ಆ ಕಟ್ಟುನಿಟ್ಟನ್ನು ಅನ್ವಯಿಸಲಿಲ್ಲ. ಅವು ಜನರ ಬೇಸಾಯಕ್ಕಾಗಿ ಹಿಂದಿನಿಂದ ಬಂದ ಕೆರೆಗಳು, ಅವನ್ನು ಉಳಿಸಿಕೊಂಡು ಬರುವುದು ಜಮೀನುದಾರರ ಕರ್ತವ್ಯ, ಅವರು ನಿರ್ಲಕ್ಷ್ಯ ಮಾಡಿದ್ದು ಕಂಡುಬಂದಿಲ್ಲ ಎಂಬುದು ಕಾರಣ. ನಿಮ್ಮ ತಂದೆಯವರು ಸ್ವಂತ ತೋಟಕ್ಕಾಗಿ ಕಟ್ಟಿಸಿದ ಕೆರೆಗೆ ಆ ರಕ್ಷಣೆ ಸಿಗುತ್ತದೆಂದು ನಂಬಿ ಕೂರಬೇಡಿ. ಒಸರು ನಿಮ್ಮ ಗಮನಕ್ಕೆ ಬಂದ ದಿನದಿಂದ ಸುಮ್ಮನಿದ್ದುದೇ ನಿರ್ಲಕ್ಷ್ಯವೆನಿಸಬಹುದು. ಎಂಜಿನಿಯರರ ವರದಿಯನ್ನು ಲಿಖಿತವಾಗಿ ಪಡೆದು, ಅದರ ಪ್ರತಿಯನ್ನು ಗ್ರಾಮ ಪಂಚಾಯಿತಿಗೂ ತಹಶೀಲ್ದಾರರಿಗೂ ಕೊಟ್ಟು ಸ್ವೀಕೃತಿ ಪಡೆಯಿರಿ.

ಉತ್ತರ 3 (ಗದ್ದೆ ಬೇಸಾಯಗಾರರು)

ನಮ್ಮ ಗದ್ದೆಯ ಮೇಲುಗಡೆಯೂ ಇಂಥದೇ ತೋಟದ ಕೆರೆಯಿದೆ. ಅದು ಕೋಡಿ ಬಿದ್ದಿದೆ ಎಂದು ನಮಗೆ ತಿಳಿಯುವುದು ಹಳ್ಳದ ಸದ್ದು ಬದಲಾದಾಗ ಮಾತ್ರ. ದಯವಿಟ್ಟು ಕೆಳಗಿನ ಪ್ರತಿ ಮನೆಯ ಫೋನ್ ನಂಬರ್ ಬರೆದಿಟ್ಟುಕೊಳ್ಳಿ, ರಾತ್ರಿ ಎರಡು ಗಂಟೆಗೆ ಕರೆ ಮಾಡಬೇಕಾದವರು ಯಾರೆಂದು ಈಗಲೇ ಗೊತ್ತುಮಾಡಿ. ಮಲೆನಾಡಿನ ಮಳೆಯಲ್ಲಿ ನೆಟ್‌ವರ್ಕ್ ಹೋಗುತ್ತದೆ, ಆದ್ದರಿಂದ ಓಡಿ ಬಂದು ಹೇಳುವವರೊಬ್ಬರೂ ಇರಲಿ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಕೃತಜ್ಞತೆಗಳು. ಬಲೆ ಬಿಚ್ಚಿಸಿದ್ದೇನೆ, ಮೀನಿನ ನಷ್ಟ ನಾನೇ ತುಂಬಿಕೊಡುತ್ತೇನೆ. ನಿನ್ನೆ ಮತ್ತು ಇಂದು ಹಿಡಿದ ಬಾಟಲಿಗಳಲ್ಲಿ ನೀರು ತಿಳಿಯಾಗಿದೆ. ಪಂಪಿನಿಂದ ನೀರು ಇಳಿಸಲು ಆರಂಭಿಸಿದ್ದೇವೆ. ಮರಗಳನ್ನು ಈ ವಾರವೇ ಬೇರುಸಹಿತ ಕೀಳಿಸಬಹುದೇ?

ಉತ್ತರ 1 ಬರೆದವರಿಂದ

ಈಗ ಬೇಡ. ಬೇರು ಕಿತ್ತ ಗುಂಡಿಯಲ್ಲಿ ತುಂಬಿದ ಸಡಿಲ ಮಣ್ಣಿನ ಮೇಲೆ ಮಳೆಗಾಲ ಬರುವುದು ಇನ್ನೂ ಕೆಟ್ಟದ್ದು. ಹಾಗೆಂದು ಕಡಿದು ಬುಡ ಬಿಟ್ಟರೆ ಕೆಲವು ವರ್ಷಗಳಲ್ಲಿ ಬೇರು ಕೊಳೆತು, ಅದು ಇದ್ದ ಜಾಗ ನೀರಿಗೆ ಕೊಳವೆಯಾಗುತ್ತದೆ. ಗಾಳಿಗೆ ಬುಡಮೇಲಾಗದಂತೆ ಈ ವಾರ ಕೊಂಬೆಗಳನ್ನಷ್ಟೇ ಸವರಿಸಿ ಭಾರ ಇಳಿಸಿ. ಬೇಸಿಗೆಯಲ್ಲಿ ಕೆರೆ ಬತ್ತಿಸಿ, ಒಂದೊಂದೇ ಬುಡ ತೆಗೆದು, ಗುಂಡಿಗೆ ಅರ್ಧ ಅಡಿಯ ಪದರಗಳಲ್ಲಿ ಮಣ್ಣು ತುಂಬಿ ದಮ್ಮಸು ಮಾಡಿಸೋಣ. ಅದೇ ಸಮಯದಲ್ಲಿ ತೂಬಿನ ಪೈಪಿನ ಸುತ್ತಲೂ ಅಗೆದು ನೋಡಬಹುದು. ಬಾಟಲಿ ಹಿಡಿಯುವುದನ್ನು ಮಾತ್ರ ಒಂದು ದಿನವೂ ಬಿಡಬೇಡಿ.